ಹಿಟ್ಟಿನ ಕೋಳಿ, ಎರಡು ಜೀವ, ಒಂದು ಮತ

ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಹೇಳುವಾಗ ಒಂದು ಘಟ್ಟದಲ್ಲಿ ತರಗತಿ ತಾನಾಗಿಯೇ ನಿಶ್ಶಬ್ದವಾಗುವುದನ್ನು ನಾನು ಅನೇಕ ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ಪ್ರಾಣಿಯನ್ನು ಬಲಿಗೊಡಲು ಒಪ್ಪದ ಅರಸು, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನಲ್ಲಿ ಮಾಡಿದ ಕೋಳಿಯೊಂದನ್ನು ದೇವಿಯ ಮುಂದೆ ಕಡಿಯುತ್ತಾನೆ. ಕಡಿಸಿಕೊಂಡ ಹಿಟ್ಟು ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿಯೂ ಮಗನೂ ನವಿಲು ನಾಯಿ, ಮೀನು ಮೊಸಳೆ, ಆಡು ಕೋಣ ಎಂದು ಜನ್ಮಜನ್ಮಗಳಲ್ಲಿ ತೊಳಲಿ, ಕಟ್ಟಕಡೆಗೆ ಆ ಅರಸನ ಸೊಸೆಯ ಬಸಿರಿನಲ್ಲಿಯೇ ಅಣ್ಣತಂಗಿಯರಾಗಿ ಹುಟ್ಟಬೇಕಾಗುತ್ತದೆ. ಕಡಿದದ್ದು ಹಿಟ್ಟು, ಕಡಿಯಬೇಕೆಂಬ ಸಂಕಲ್ಪ ಮಾತ್ರ ನಿಜವಾದುದು. ಸಂಕಲ್ಪಹಿಂಸೆಯೆಂದು ನಾವು ಪಾಠ ಹೇಳುವುದು ಇದನ್ನೇ. ಕಾವ್ಯ 1209ರದು. ಜನ್ನನಿಗೆ ಕವಿಚಕ್ರವರ್ತಿಯೆಂಬ ಬಿರುದನ್ನಿತ್ತ ವೀರಬಲ್ಲಾಳನ ರಾಜಧಾನಿ ದೋರಸಮುದ್ರ, ಎಂದರೆ ಇಂದಿನ ಹಳೇಬೀಡು, ನಮ್ಮ ಜಿಲ್ಲೆಯದೇ. ನನ್ನ ತರಗತಿಯ ಮಕ್ಕಳಲ್ಲಿ ಕೆಲವರು ದಿನವೂ ಅಲ್ಲಿಂದಲೇ ಬಸ್ಸು ಹತ್ತಿ ಬರುವವರು.

ಕಳೆದ ವರ್ಷ ಹಾಗೆ ಬರುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಹಿಟ್ಟಿನ ಕೋಳಿಗೇ ಇಷ್ಟು ಶಿಕ್ಷೆಯಾದರೆ ಬಸಿರು ತೆಗೆಸುವುದಕ್ಕೆ ಎಷ್ಟು, ಮೇಡಂ?” ಹಿಂದಿನ ಬೆಂಚಿನಿಂದ ಬೇಲೂರಿನವಳೊಬ್ಬಳು ಅಷ್ಟೇ ಬೇಗ, “ತೆಗೆಸಿಕೊಂಡವಳಿಗೋ, ತೆಗೆಸು ಎಂದವರಿಗೋ?” ಎಂದಳು. ಗಂಟೆ ಹೊಡೆಯಿತು. ಉತ್ತರ ಹೇಳದೆ ಪಾರಾದೆನೆಂದು ಆ ಕ್ಷಣಕ್ಕೆ ಸಮಾಧಾನವಾಯಿತೆಂಬುದನ್ನು ಮರೆಮಾಚುವುದಿಲ್ಲ. ಆದರೆ ಆ ಎರಡು ಪ್ರಶ್ನೆಗಳು ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಮೊದಲು ಮಾತಿನ ವಿಚಾರ. ಕನ್ನಡದ ಅಧ್ಯಾಪಕಿಗೆ ಅದೇ ಹತ್ತಿರದ ದಾರಿ. ಗರ್ಭಪಾತವನ್ನು ವಿರೋಧಿಸುವವರು ಪಶ್ಚಿಮದಲ್ಲಿ ತಮ್ಮನ್ನು ‘ಪ್ರೊ-ಲೈಫ್’ ಎಂದು ಕರೆದುಕೊಳ್ಳುತ್ತಾರೆ. ಇದನ್ನು ಕನ್ನಡಕ್ಕೆ ತರಹೊರಟರೆ ‘ಜೀವಪರ’ ಎನ್ನಬೇಕಾಗುತ್ತದೆ. ಆದರೆ ಜೀವಪರ ಎಂಬ ಮಾತನ್ನು ನಮ್ಮ ಸಾಹಿತ್ಯಲೋಕ ಆಗಲೇ ಬೇರೊಂದು ಕೆಲಸಕ್ಕೆ ಹಚ್ಚಿಬಿಟ್ಟಿದೆ. ನಮ್ಮಲ್ಲಿ ಜೀವಪರ ಲೇಖಕನೆಂದರೆ ದಲಿತರ, ಬಡವರ, ಹೆಣ್ಣುಮಕ್ಕಳ ಪಕ್ಷದಲ್ಲಿ ನಿಂತವನು. ಅಮೆರಿಕದಲ್ಲಿ ಈ ಎರಡು ಬಗೆಯ ಜನ ಚುನಾವಣೆಯಲ್ಲಿ ಬಹುಮಟ್ಟಿಗೆ ಎದುರುಬದುರಾಗಿ ನಿಲ್ಲುತ್ತಾರೆ. ಕನ್ನಡದಲ್ಲಿ ಅವರಿಬ್ಬರಿಗೂ ಇರುವುದು ಒಂದೇ ಹೆಸರು. ಭ್ರೂಣಹತ್ಯೆಯ ಕಥೆ ಇನ್ನೂ ಸ್ವಾರಸ್ಯದ್ದು. ಧರ್ಮಶಾಸ್ತ್ರಗಳು ಘೋರಪಾತಕಗಳ ನಡುವೆ ಎಣಿಸಿದ ಈ ಶಬ್ದವನ್ನು ಇಂದು ಅತ್ಯಂತ ಆಧುನಿಕರಾದ ಸ್ತ್ರೀವಾದಿಗಳೂ ಹೆಣ್ಣು ಎಂಬ ಒಂದು ವಿಶೇಷಣವನ್ನು ಮುಂದೆ ಸೇರಿಸಿ ನಿಸ್ಸಂಕೋಚವಾಗಿ ಬಳಸುತ್ತಾರೆ. ಆ ವಿಶೇಷಣವನ್ನು ತೆಗೆದುಬಿಟ್ಟರೆ ಮಾತ್ರ ಅಳುಕುತ್ತಾರೆ. ನಾನೂ ಅಳುಕುತ್ತೇನೆ. ಇನ್ನು ಮನೆಮಾತಿನಲ್ಲಿ ಕೇಳಿದರೆ, ಬಸುರಿಯನ್ನು ನಮ್ಮ ಅಜ್ಜಿಯರು ‘ಎರಡು ಜೀವದವಳು’ ಎನ್ನುತ್ತಿದ್ದರು. ಅದರಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಒಂದೂ ಅಲ್ಲ, ಒಂದೂವರೆಯೂ ಅಲ್ಲ, ಎರಡು. ನನ್ನ ನಂಬಿಕೆಯೂ ಅದೇ ಎಂಬುದನ್ನು ಓದುಗರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸಿರಿನಲ್ಲಿರುವುದು ಜೀವವೇ ಎಂದು ನಂಬಿದವಳು ನಾನು. ಈ ನಂಬಿಕೆಯನ್ನಿಟ್ಟುಕೊಂಡು ಮತಗಟ್ಟೆಗೆ, ಸಂಘದ ಸಭೆಗೆ, ಅಧ್ಯಾಪಕರ ಕೊಠಡಿಗೆ ಹೋದರೆ ಅದು ಏನಾಗುತ್ತದೆಂಬುದಷ್ಟೇ ಇಲ್ಲಿನ ವಿಚಾರ.

ಈ ನಂಬಿಕೆ ಮತಪೆಟ್ಟಿಗೆಯ ಮುಂದೆ ನೇರವಾಗಿ ಬಂದು ನಿಂತ ದೇಶ ಐರ್ಲೆಂಡ್. ಆ ಕಥೆಯ ನಡುವೆ ಇರುವವಳು ನಮ್ಮ ಬೆಳಗಾವಿಯ ಹೆಣ್ಣುಮಗಳು. 1983ರ ಸೆಪ್ಟೆಂಬರ್ 7ರಂದು ಐರ್ಲೆಂಡಿನ ಜನ ತಮ್ಮ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿಯನ್ನು ಸೇರಿಸಿದರು. ಹುಟ್ಟದ ಕೂಸಿಗೆ ಬದುಕುವ ಹಕ್ಕುಂಟು, ತಾಯಿಗೂ ಅದಕ್ಕೆ ಸಮನಾದ ಹಕ್ಕುಂಟು ಎಂಬುದು ಅದರ ಸಾರ. ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಿದರು. ನಮ್ಮ ಅಜ್ಜಿಯರ ಎರಡು ಜೀವದ ಲೆಕ್ಕವನ್ನೇ ಒಂದು ದೇಶ ಸಂವಿಧಾನಕ್ಕೆ ಬರೆದುಕೊಂಡಂತಾಯಿತೆನ್ನಬಹುದು. ಇದರಲ್ಲಿ ಕ್ರೌರ್ಯದ ಉದ್ದೇಶವಿತ್ತೆಂದು ನಾನು ಎಣಿಸುವುದಿಲ್ಲ.

2012ರ ಅಕ್ಟೋಬರಿನಲ್ಲಿ ಸವಿತಾ ಹಾಲಪ್ಪನವರ ಎಂಬ ದಂತವೈದ್ಯೆ ಗಾಲ್ವೇ ನಗರದ ಆಸ್ಪತ್ರೆಗೆ ಬೆನ್ನುನೋವೆಂದು ಹೋದರು. ಆಗ ಅವರಿಗೆ 31 ವರ್ಷ. ಬಸಿರಿಗೆ 17 ವಾರ. ಬಸಿರು ನಿಲ್ಲದೆಂಬುದು ಬೇಗನೆ ನಿಶ್ಚಯವಾಯಿತು. ಹೇಗೂ ಉಳಿಯದ ಕೂಸು, ಬೇಗ ಮುಗಿಸಿಕೊಡಿರೆಂದು ಗಂಡಹೆಂಡಿರು ಕೇಳಿಕೊಂಡರು. ಕೂಸಿನ ಎದೆಬಡಿತ ಇನ್ನೂ ಕೇಳಿಸುತ್ತಿದೆ, ಆದುದರಿಂದ ಆಗದು ಎಂಬ ಉತ್ತರ ಬಂದಿತು. ಇದು ಕ್ಯಾಥೊಲಿಕ್ ದೇಶವೆಂದು ತಾನು ಅಂದದ್ದುಂಟೆಂದು ಅಲ್ಲಿನ ಸೂಲಗಿತ್ತಿಯೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಎದೆಬಡಿತ ನಿಲ್ಲುವಷ್ಟರಲ್ಲಿ ತಾಯಿಯ ನೆತ್ತರಿಗೆ ನಂಜೇರಿತ್ತು. ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಆಸ್ಪತ್ರೆಯವರು ಕಾಯಿಲೆಯ ಏರಿಳಿತವನ್ನು ಸರಿಯಾಗಿ ಗಮನಿಸಲಿಲ್ಲವೆಂಬ ಲೋಪವೂ ವಿಚಾರಣೆಯಲ್ಲಿ ಹೊರಬಂದಿತು. ಸಾವಿನ ಹೊಣೆಯೆಲ್ಲವನ್ನೂ ಒಂದು ಕಾನೂನಿನ ತಲೆಗೇ ಕಟ್ಟಿದರೆ ನ್ಯಾಯವಾಗದು. ಆದರೂ ಕಾನೂನಿನ ಭಯದಲ್ಲಿ ವೈದ್ಯರು ಎದೆಬಡಿತ ನಿಲ್ಲುವುದನ್ನು ಕಾಯುತ್ತ ಕುಳಿತರೆಂಬುದನ್ನು ಅಲ್ಲಗಳೆಯುವಂತಿಲ್ಲ. ಎರಡು ಜೀವವೂ ಸಮವೆಂದು ಬರೆದಿಟ್ಟ ದೇಶದಲ್ಲಿ ಎರಡೂ ಉಳಿಯಲಿಲ್ಲ.

2018ರ ಮೇ 25ರಂದು ಆ ತಿದ್ದುಪಡಿಯನ್ನು ತೆಗೆಯಬೇಕೇ ಬೇಡವೇ ಎಂದು ಮತ್ತೆ ಜನಮತ ನಡೆಯಿತು. ಬೆಳಗಾವಿಯಿಂದ ಸವಿತಾ ಅವರ ತಂದೆತಾಯಿ, ಮತ ಹಾಕುವಾಗ ನಮ್ಮ ಮಗಳನ್ನು ನೆನೆಯಿರೆಂದು ಐರಿಷ್ ಜನರಲ್ಲಿ ಬೇಡಿಕೊಂಡರು. ಪರದೇಶಗಳಲ್ಲಿ ದುಡಿಯುತ್ತಿದ್ದ ಐರಿಷ್ ಯುವಜನ ವಿಮಾನ ಹಿಡಿದು ಊರಿಗೆ ಬಂದು ಮತ ಹಾಕಿದರು. 66.4 ಪ್ರತಿಶತ ಮತಗಳು ತೆಗೆಯಬೇಕೆಂದು ಬಿದ್ದುವು. ಬೇಡವೆಂದ ಕ್ಷೇತ್ರ ಡೊನೆಗಾಲ್ ಒಂದೇ. 35 ವರ್ಷಗಳ ಅಂತರದಲ್ಲಿ ಒಂದೇ ದೇಶದ ಮೂರರಲ್ಲಿ ಎರಡು ಪಾಲು ಜನ ಒಮ್ಮೆ ಹೌದೆಂದು, ಒಮ್ಮೆ ಅಲ್ಲವೆಂದು ಹೇಳಿದರೆ, ಅವರ ನಂಬಿಕೆಯೇ ಬದಲಾಯಿತೆ? ಕೆಲವರದು ಬದಲಾಗಿರಬೇಕು. ಆದರೆ ಬಸಿರಿನಲ್ಲಿರುವುದು ಜೀವವೆಂದು ನಂಬುತ್ತಲೇ, ಆ ನಂಬಿಕೆಯನ್ನು ಪರರ ಮೈಮೇಲೆ ಶಾಸನವಾಗಿ ಹೊರಿಸಲೊಲ್ಲದೆ ಮತ ಹಾಕಿದವರೂ ಅವರಲ್ಲಿ ಇದ್ದಿರಬೇಕೆಂದು ನನ್ನ ಊಹೆ. ಮತಪತ್ರದಲ್ಲಿ ಗುರುತು ಒಂದೇ. ಎರಡು ಜೀವದ ವಿಚಾರವನ್ನು ಆ ಒಂದು ಗುರುತಿನಲ್ಲಿ ಹೇಳಬೇಕಾದಾಗ ಮನುಷ್ಯ ಯಾವುದೋ ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಳ್ಳುತ್ತಾನೆ.

ನಮ್ಮಲ್ಲಿ ಇಂಥ ಮತ ಎಂದೂ ನಡೆಯಲಿಲ್ಲ. ನಾನು ಮತದಾರಳಾದಂದಿನಿಂದ ಅರಸೀಕೆರೆಯ ಸಂತೆಮೈದಾನದಲ್ಲಿ ಕೇಳಿದ ಚುನಾವಣಾ ಭಾಷಣಗಳಲ್ಲಿ ತೆಂಗಿನಕಾಯಿ ಕೊಬ್ಬರಿಯ ಬೆಲೆಯಿಂದ ಹಿಡಿದು ಕೆರೆ ತುಂಬಿಸುವ ನೀರಿನವರೆಗೆ ಎಲ್ಲವೂ ಬಂದಿದೆ. ಬಸಿರಿನ ಜೀವದ ಮಾತು ಬಂದಿಲ್ಲ. ಹಾಗೆಂದು ನಮ್ಮ ಜನಕ್ಕೆ ಆ ವಿಷಯದಲ್ಲಿ ನಂಬಿಕೆಯಿಲ್ಲವೆಂದಲ್ಲ. ಜೈನ ಮನೆಗಳಲ್ಲಿ, ಲಿಂಗಾಯತ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ, ಹೇಮಾವತಿಯ ಹಿನ್ನೀರಿನಲ್ಲಿ ಪ್ರತಿ ಮಳೆಗಾಲ ಮುಳುಗುವ ಶೆಟ್ಟಿಹಳ್ಳಿ ಚರ್ಚನ್ನು ಕಟ್ಟಿಕೊಂಡಿದ್ದ ಕ್ಯಾಥೊಲಿಕರ ಸಂತತಿಯಲ್ಲಿ, ಮುಸಲ್ಮಾನರಲ್ಲಿ, ಕೇಳಿನೋಡಿದರೆ ‘ಪಾಪ’ವೆಂಬ ಮಾತು ಒಂದಲ್ಲ ಒಂದು ಬಗೆಯಲ್ಲಿ ಬಂದೇ ಬರುತ್ತದೆ. ನಂಬಿಕೆ ಇದ್ದೂ ಅದು ರಾಜಕೀಯವಾಗಲಿಲ್ಲವೆಂಬುದೇ ಇಲ್ಲಿ ಯೋಚಿಸಬೇಕಾದ ಸಂಗತಿ.

ಇದಕ್ಕೆ ಕಾರಣ, ನಮ್ಮ ಸರಕಾರ ಈ ವಿಷಯಕ್ಕೆ ಬಂದ ದಾರಿಯೇ ಬೇರೆ. ಮೈಸೂರು ಸಂಸ್ಥಾನದ ಸರಕಾರ 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಲೋಕಕ್ಕೇ ಮೊದಲಿನವೆಂದು ಅವನ್ನು ಹೇಳುತ್ತಾರೆ. 1964ರಲ್ಲಿ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಕದ್ದುಮುಚ್ಚಿ ಮಾಡಿಸಿಕೊಂಡು ಸಾಯುವ ಹೆಂಗಸರನ್ನು ಉಳಿಸಬೇಕೆಂಬುದು ಅದರ ಮುಖ್ಯ ವಾದ. 1971ರ ಆಗಸ್ಟ್ 10ರಂದು ಗರ್ಭಪಾತದ ಕಾನೂನು ಆಯಿತು. ಮರುವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಜನಸಂಖ್ಯೆಯ ಆತಂಕವೂ ವೈದ್ಯರ ಕರುಣೆಯೂ ಕೂಡಿ ಮೇಲಿನಿಂದ ಇಳಿಸಿದ ಕಾನೂನು ಇದು. ಹೆಣ್ಣು ಬೀದಿಗಿಳಿದು ಕೇಳಿದ್ದೂ ಅಲ್ಲ, ಮಠ ಮಂದಿರಗಳು ಬೀದಿಗಿಳಿದು ತಡೆದದ್ದೂ ಅಲ್ಲ. ಆಗಸ್ಟ್ 10ನ್ನು ಶೋಕದಿನವಾಗಿ ಆಚರಿಸಿರೆಂದು ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಈಚಿನ ವರ್ಷಗಳಲ್ಲಿ ಕರೆಕೊಟ್ಟದ್ದುಂಟು. ಅದರ ಹೊರತು, ಜಗಳವಿಲ್ಲದೆ ಬಂದ ಕಾನೂನು ಜಗಳವಿಲ್ಲದೆಯೇ ಉಳಿದುಕೊಂಡಿತು.

ಒಂದೇ ಒಂದು ಸಲ ಹುಟ್ಟಿನ ಪ್ರಶ್ನೆ ಮತಪೆಟ್ಟಿಗೆಗೆ ಬಂದದ್ದುಂಟು, ಅದು 1977. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದುವು. ಅವುಗಳಲ್ಲಿ ಬಲಾತ್ಕಾರದವು ಎಷ್ಟೋ. ಉತ್ತರ ಭಾರತ ಅದಕ್ಕೆ ಮತದಲ್ಲಿ ಉತ್ತರ ಕೊಟ್ಟಿತು. ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಆಳುವ ಕಾಂಗ್ರೆಸ್ಸಿಗೇ ಬಂದುವು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಇನ್ನೊಂದು ನಮ್ಮ ಹಾಸನ. ಹಾಸನದವರು ಬಸಿರಿನ ವಿಚಾರಕ್ಕೇ ಹಾಗೆ ಮತ ಹಾಕಿದರೆಂದು ಹೇಳಲು ನನಗೆ ಧೈರ್ಯವಿಲ್ಲ. ಇಲ್ಲಿನ ಜಾತಿ, ಇಲ್ಲಿನ ನಾಯಕರು, ಇಲ್ಲಿನ ಹಟ ಎಲ್ಲವೂ ಅದರಲ್ಲಿದ್ದುವು. ಅರಸೀಕೆರೆಯ ರೈಲ್ವೆಯಲ್ಲಿ ನೌಕರರಾಗಿದ್ದ ನನ್ನ ತಂದೆ ಮಾತ್ರ, ಆಗ ಆಪರೇಷನ್ನಿಗೆ ‘ಕೇಸು’ ತರಬೇಕೆಂಬ ಸುದ್ದಿಗೆ ಹೆದರಿದ್ದ ಮೇಷ್ಟರುಗಳ ಕಥೆಯನ್ನು ಕೊನೆಯತನಕ ಹೇಳುತ್ತಿದ್ದರು. ಸರಕಾರವೊಂದು ಹುಟ್ಟಬೇಡವೆಂದು ಬಲವಂತ ಮಾಡುವುದೂ, ಇನ್ನೊಂದು ಸರಕಾರ ಹೆತ್ತೇ ತೀರೆಂದು ಬಲವಂತ ಮಾಡುವುದೂ ಅವರ ದೃಷ್ಟಿಯಲ್ಲಿ ಬೇರೆಬೇರೆಯಾಗಿರಲಿಲ್ಲ.

ಮತದಲ್ಲಿ ಬಾರದ ನಂಬಿಕೆ ಮನೆಯೊಳಗೆ ಏನು ಮಾಡುತ್ತದೆ? ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳಬೇಕು. 2008ರಲ್ಲಿ ನಾನು ಎರಡನೆಯ ಸಲ ಬಸುರಿಯಾದಾಗ ಮೊದಲನೆಯದು ಹೆಣ್ಣಾಗಿ ಮನೆಯಲ್ಲಿ ಓಡಾಡುತ್ತಿತ್ತು. ನಾಲ್ಕನೆಯ ತಿಂಗಳಲ್ಲಿ, ನಮ್ಮ ನೆಂಟರಲ್ಲಿಯೇ ಹಿರಿಯರೊಬ್ಬರು ಕಾರು ಗೊತ್ತುಮಾಡಿದರು. ಪಕ್ಕದ ಜಿಲ್ಲೆಯ ಒಂದು ಪಟ್ಟಣದಲ್ಲಿ ‘ನೋಡಿ ಹೇಳುವ’ವರಿದ್ದಾರೆ, ಸುಮ್ಮನೆ ಹೋಗಿಬರೋಣ ಎಂದರು. ಆ ಹಿರಿಯರು ಏಕಾದಶಿಗೆ ಉಪವಾಸವಿರುವವರು. ಇರುವೆ ಸಾಲನ್ನು ದಾಟಿಕೊಂಡು ಕಾಲಿಡುವವರು. ಗರ್ಭಪಾತ ಮಹಾಪಾಪವೆಂದು ಅವರ ಬಾಯಿಂದಲೇ ನಾನು ಕೇಳಿದ್ದೆ. ಆ ಸ್ಥಳಕ್ಕೆ ಹೋದೆವು. ಹಲಗೆಯ ಮೇಲೆ ಕಾನೂನಿನ ಎಚ್ಚರಿಕೆ ದೊಡ್ಡಕ್ಷರಗಳಲ್ಲಿ ಬರೆದಿತ್ತು. ಅದರ ಕೆಳಗೇ ಕುಳಿತು ಹಣ ಎಣಿಸಿಕೊಳ್ಳುವವನಿದ್ದ. ನಾನು ಒಳಗೆ ಹೋಗದೆ ಬಸ್ಸು ಹಿಡಿದು ಊರಿಗೆ ಬಂದೆ. ಇದನ್ನು ಧೈರ್ಯವೆಂದು ಹೇಳಿಕೊಳ್ಳಲಾರೆ. ನನಗೆ ಸಂಬಳವಿತ್ತು, ಗಂಡ ನನ್ನ ಪಕ್ಷದಲ್ಲಿದ್ದರು. ಆ ಎರಡೂ ಇಲ್ಲದವಳು ಕಾರಿನಲ್ಲಿಯೇ ಹಿಂದಿರುಗಬೇಕಾಗುತ್ತಿತ್ತು. ಆಗಿನ ಆ ಎರಡನೆಯ ಜೀವ ಈಗ ಪಿಯುಸಿ ಮುಗಿಸಿದ್ದಾಳೆ, ಗಣಿತದಲ್ಲಿ ತಂದೆಯಂತೆ, ಜಗಳದಲ್ಲಿ ನನ್ನಂತೆ.

2023ರ ನವೆಂಬರಿನಲ್ಲಿ ಮಂಡ್ಯದ ಹತ್ತಿರ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣು ಗಂಡು ಹೇಳುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಹಿಡಿದರೆಂಬ ಸುದ್ದಿ ಬಂದಾಗ ನನಗೆ ಆ ಕಾರು ನೆನಪಾಯಿತು. ಬೆಲ್ಲ ಕಾಯಿಸುವ ಮನೆ! ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು 1994ರದು. ಅದಾಗಿ ಮೂವತ್ತು ವರ್ಷಕ್ಕೆ ಹತ್ತಿರವಾಗಿತ್ತು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2001ರಲ್ಲಿ 946, 2011ರಲ್ಲಿ 948. ಈ ಅಂಕಿಗಳ ಹಿಂದಿರುವ ಮನೆಗಳಲ್ಲಿ ನಾಸ್ತಿಕರು ಎಷ್ಟು ಮಂದಿ ಇದ್ದಾರು? ಪಾಪವೆಂದು ನಂಬಿಯೂ ಮಾಡಿಸಿದವರೇ ಹೆಚ್ಚೆಂದು ನನ್ನ ಬಲವಾದ ಅನುಮಾನ. ಜನ್ನನ ಅರಸನಂತೆ ಇವರೂ ಕೈಗೆ ನೆತ್ತರು ಅಂಟದ ಒಂದು ಉಪಾಯವನ್ನು ಕಂಡುಕೊಂಡರು: ಸಂಕಲ್ಪ ಮನೆಯ ಹಿರಿಯರದು, ಮೈ ಸೊಸೆಯದು. ಬೇಲೂರಿನ ಹುಡುಗಿ ಹಿಂದಿನ ಬೆಂಚಿನಿಂದ ಕೇಳಿದ್ದು ಇದನ್ನೇ. ಕಾವ್ಯದಲ್ಲಿಯಾದರೂ ಸಲಹೆಯಿತ್ತ ತಾಯಿಗೂ ಕಡಿದ ಮಗನಿಗೂ ಶಿಕ್ಷೆ ಸಮವಾಗಿಯೇ ಹಂಚಿಹೋಯಿತು.

ಈ ಮಾತನ್ನು ಹೇಳಿದ ಕೂಡಲೆ ನನ್ನ ಸ್ತ್ರೀವಾದಿ ಮಿತ್ರರು, ಹಾಗಾದರೆ ಹೆಣ್ಣಿನ ನಿರ್ಣಯಕ್ಕೆ ಬಿಟ್ಟುಬಿಡಿ, ಪ್ರಶ್ನೆಯೇ ಮುಗಿಯಿತಲ್ಲ ಎನ್ನುತ್ತಾರೆ. ಮುಗಿಯುವುದಿಲ್ಲ. 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಎರಡು ಮಕ್ಕಳ ತಾಯಿಯೊಬ್ಬಳು ಬಂದಳು. ಹೆರಿಗೆಯಾದ ಮೇಲಿನ ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿದ್ದವಳು. ಎದೆಹಾಲು ಕುಡಿಸುವ ಕಾಲದಲ್ಲಿ ಬಸಿರು ನಿಂತದ್ದು ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ 24 ವಾರ ದಾಟಿತ್ತು. ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ಬಿ. ವಿ. ನಾಗರತ್ನ ಅವರ ಪೀಠ ಮೊದಲು ಅನುಮತಿಯಿತ್ತಿತು. ಆಮೇಲೆ, ಕೂಸು ಬದುಕಬಲ್ಲದು, ಎದೆಬಡಿತವನ್ನು ನಿಲ್ಲಿಸಬೇಕೆ ಎಂದು ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು ಬರೆದು ಕೇಳಿದರು. ಪೀಠ ಇಬ್ಭಾಗವಾಯಿತು. ನ್ಯಾಯಮೂರ್ತಿ ಕೊಹ್ಲಿಯವರ ಮನಸ್ಸು ಒಪ್ಪಲಿಲ್ಲ. ಕನ್ನಡನಾಡಿನವರಾದ ನಾಗರತ್ನ ಅವರು ಆ ತಾಯಿಯ ನಿರ್ಣಯವನ್ನು ಗೌರವಿಸಬೇಕೆಂದರು. ಕಡೆಗೆ ಮೂವರ ಪೀಠ ಅಕ್ಟೋಬರ್ 16ರಂದು ಅನುಮತಿಯನ್ನು ನಿರಾಕರಿಸಿತು. ಗಾಲ್ವೇಯಲ್ಲಿ ಕೇಳಿದ ಅದೇ ಎದೆಬಡಿತ ದೆಹಲಿಯಲ್ಲಿಯೂ ಕೇಳಿಸಿತು. ಆದರೆ ಇಲ್ಲಿನ ಕೂಸು ಉಳಿಯಬಲ್ಲುದಾಗಿತ್ತು, ತಾಯಿಯ ಪ್ರಾಣಕ್ಕೆ ತತ್‌ಕ್ಷಣದ ಅಪಾಯವಿರಲಿಲ್ಲ. ಇಬ್ಬರು ಹೆಣ್ಣು ನ್ಯಾಯಮೂರ್ತಿಗಳು, ಇಬ್ಬರೂ ಪ್ರಾಜ್ಞರು, ಒಂದೇ ಕಾಗದವನ್ನು ಓದಿ ಎರಡು ದಾರಿ ಹಿಡಿದರೆಂದರೆ, ಅಧ್ಯಾಪಕರ ಕೊಠಡಿಯಲ್ಲಿ ಚಹಾ ಕುಡಿಯುತ್ತ ಹತ್ತು ನಿಮಿಷದಲ್ಲಿ ಇದನ್ನು ಇತ್ಯರ್ಥ ಮಾಡುವ ನಮ್ಮಂಥವರು ಸ್ವಲ್ಪ ನಾಚಿಕೊಳ್ಳಬೇಕಾಗುತ್ತದೆ.

ನಾನು ನಾಚಿಕೊಳ್ಳಬೇಕಾದ ಪ್ರಸಂಗ ಅದಕ್ಕೂ ಹಿಂದೆಯೇ ಬಂದಿತ್ತು. 2022ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯ, ಮದುವೆಯಾಗದ ಹೆಣ್ಣಿಗೂ ಮದುವೆಯಾದವಳಿಗೆ ಇರುವಂತೆಯೇ 24 ವಾರದವರೆಗಿನ ಅವಕಾಶವುಂಟೆಂದು ತೀರ್ಪಿತ್ತಿತು. ಮರುದಿನ ನಮ್ಮ ಕೊಠಡಿಯಲ್ಲಿ ವಾದ ಎದ್ದಿತು. ನಾನು ಸೊಗಸಾಗಿಯೇ ಮಾತಾಡಿದೆ. ಜನ್ನನನ್ನು ತಂದೆ, ಸಂಕಲ್ಪಹಿಂಸೆಯನ್ನು ತಂದೆ, ಎರಡು ಜೀವದವಳನ್ನು ತಂದೆ. ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಒಬ್ಬ ಅತಿಥಿ ಉಪನ್ಯಾಸಕಿ ತಲೆಯೆತ್ತಲಿಲ್ಲ. ದಿನವೂ ನನ್ನ ಜೊತೆ ಬುತ್ತಿ ಬಿಚ್ಚುತ್ತಿದ್ದವಳು ಮರುದಿನದಿಂದ ಬೇರೆ ಕುಳಿತಳು. ಬೇಸಗೆಯಲ್ಲಿ ಅವಳು ಬಸಿರನ್ನು ತೆಗೆಸಿಕೊಂಡಿದ್ದಳೆಂದೂ, ಹೆತ್ತರೆ ರಜೆಯಿಲ್ಲ, ಕೆಲಸ ಉಳಿಯುವ ಭರವಸೆಯಿಲ್ಲ, ಗಂಡನಿಗೆ ದುಡಿಮೆಯಿಲ್ಲ ಎಂಬ ಕಾರಣಕ್ಕೆ ಮೂರನೆಯದನ್ನು ಬೇಡವೆಂದಳೆಂದೂ ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕೂಸನ್ನು ಉಳಿಸಿಕೊಳ್ಳಬಹುದಾಗಿದ್ದ ಒಂದು ಸಂಗತಿ, ರಜೆ, ಆಗ ನನ್ನ ಬಾಯಿಗೆ ಬರಲಿಲ್ಲ. ಕಾಯಂ ನೌಕರಳಾದ ನನಗೆ ಅದು ಎರಡು ಸಲವೂ ಕೇಳದೆಯೇ ಸಿಕ್ಕಿತ್ತು.

ರಜೆಯ ಮಾತು ನಮ್ಮನ್ನು ಸಂಘಕ್ಕೆ ಕರೆತರುತ್ತದೆ. ಅದೇ ಅಕ್ಟೋಬರಿನಲ್ಲಿ ಹಾಸನದಲ್ಲಿ ಸೇರಿದ ನಮ್ಮ ಅಧ್ಯಾಪಕರ ಸಂಘದ ಸಭೆಯಲ್ಲಿ ಒಂದು ಠರಾವು ಬಂದಿತು: ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಸ್ವಾಗತಿಸುವುದು, ಮತ್ತು ಅತಿಥಿ ಉಪನ್ಯಾಸಕಿಯರಿಗೆ ಸಂಬಳಸಹಿತ ಹೆರಿಗೆ ರಜೆ ಕೇಳುವುದು. ಇಪ್ಪತ್ತು ವರ್ಷದಿಂದ ಚಂದಾ ಕೊಡುತ್ತ ಬಂದಿದ್ದ ಕ್ಯಾಥೊಲಿಕ್ ಸಹೋದ್ಯೋಗಿಯೊಬ್ಬರು ಎದ್ದು, ಎರಡನೆಯದಕ್ಕೆ ನನ್ನ ಎರಡು ಕೈಯೂ ಮೇಲೆ, ಮೊದಲನೆಯದು ಉಳಿದರೆ ನನ್ನ ರಾಜೀನಾಮೆ ಎಂದರು. ಹೋಗಲಿ ಬಿಡಿ ಎಂದವರೂ ಇದ್ದರು. ಇಂಥ ಇಕ್ಕಟ್ಟು ನಮಗೇ ಹೊಸದಾಗಿ ಬಂದುದಲ್ಲ. 1979ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟ ಗರ್ಭಪಾತದ ಹಕ್ಕನ್ನು ಉಳಿಸಿಕೊಳ್ಳಲು ಲಂಡನ್ನಿನಲ್ಲಿ ದೊಡ್ಡ ಮೆರವಣಿಗೆಯನ್ನೇ ನಡೆಸಿತು. ಆ ಸಂಘಗಳಿಗೆ ಚಂದಾ ಕೊಡುತ್ತಿದ್ದ ಕ್ಯಾಥೊಲಿಕ್ ಕೂಲಿಗಾರರ ಮನಸ್ಸಿಗೆ ಏನಾಗಿದ್ದೀತೆಂದು ಯೋಚಿಸಬಹುದು. ಅಮೆರಿಕದಲ್ಲಿ ಸರಕಾರಿ ನೌಕರನೊಬ್ಬ ಸಂಘದ ಸದಸ್ಯನಲ್ಲದಿದ್ದರೂ ಅದಕ್ಕೆ ಹಣ ತೆರಲೇಬೇಕೆಂಬ ಕಟ್ಟನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೆಗೆದುಹಾಕಿತು. ಮನಸ್ಸಾಕ್ಷಿ ಉಳಿಯಿತು, ಸಂಘಗಳು ಸೊರಗಿದುವು ಎಂದು ಕೆಲವರು, ಸರಿಯಾಯಿತು ಎಂದು ಕೆಲವರು. ನಮ್ಮ 1926ರ ಕಾರ್ಮಿಕ ಸಂಘಗಳ ಕಾನೂನು ಇದಕ್ಕಿಂತ ಜಾಣತನದ್ದು. ರಾಜಕೀಯ ಕೆಲಸಗಳಿಗೆ ಬೇರೆ ನಿಧಿಯಿರಬೇಕು, ಅದಕ್ಕೆ ಹಣ ಕೊಡೆಂದು ಯಾವ ಸದಸ್ಯನನ್ನೂ ಬಲವಂತ ಮಾಡಕೂಡದು, ಕೊಡಲಿಲ್ಲವೆಂದು ಅವನಿಗೆ ಸಲ್ಲತಕ್ಕ ಸೌಕರ್ಯವನ್ನು ತಪ್ಪಿಸಕೂಡದು ಎಂದು ಅದು ವಿಧಿಸಿತ್ತು. ಸುಮಾರು ನೂರು ವರ್ಷ ನಡೆದ ಆ ಕಾನೂನಿನ ಸ್ಥಾನಕ್ಕೆ 2025ರ ನವೆಂಬರಿನಲ್ಲಿ ಹೊಸ ಸಂಹಿತೆ ಬಂದಿತು.

1974ರ ಮೇ ತಿಂಗಳ ರೈಲ್ವೆ ಮುಷ್ಕರದಲ್ಲಿ ನಿಂತವರಾದ ನನ್ನ ತಂದೆ, ಸಂಘವನ್ನು ಅರಸೀಕೆರೆ ಜಂಕ್ಷನ್ನಿಗೆ ಹೋಲಿಸುತ್ತಿದ್ದರು: ಒಂದೇ ಪ್ಲಾಟ್‌ಫಾರಂನಲ್ಲಿ ನಿಂತವರು ಕೆಲವರು ಹುಬ್ಬಳ್ಳಿಗೆ, ಕೆಲವರು ಬೆಂಗಳೂರಿಗೆ, ಕೆಲವರು ಹಾಸನಕ್ಕೆ, ನೀರಿನ ನಲ್ಲಿ ಕೆಟ್ಟಿದ್ದರೆ ಮೂವರೂ ಕೂಡಿಯೇ ಕೂಗಬೇಕು. ಅದನ್ನು ನೆನೆದು ನಾನು ಠರಾವನ್ನು ಎರಡಾಗಿ ಒಡೆಯಬೇಕೆಂದು ಸೂಚಿಸಿದೆ. ರಜೆಯ ಬೇಡಿಕೆಗೆ ಎಲ್ಲರೂ ಕೈಯೆತ್ತಿದರು. ತೀರ್ಪನ್ನು ಸ್ವಾಗತಿಸುವ ಭಾಗ ಬಹುಮತದಿಂದ ಅಂಗೀಕಾರವಾಯಿತು. ಆ ಮಿತ್ರರು ವಿರೋಧಿಸಿದರು, ನಾನು ತಟಸ್ಥಳಾಗಿದ್ದೆ. ತಟಸ್ಥತೆಯನ್ನು ಹೇಡಿತನವೆಂದು ಇಬ್ಬದಿಯವರೂ ಅಂದರು, ಸ್ವಲ್ಪ ನಿಜವಿರಬಹುದು. ಮಿತ್ರರು ಸಂಘದಲ್ಲಿ ಉಳಿದರು, ರಜೆಯ ಬೇಡಿಕೆಯ ಮನವಿಯನ್ನು ಬರೆದವರೂ ಅವರೇ.

ಅಂದು ಊಟದ ಹೊತ್ತಿನಲ್ಲಿ ಅವರು ನನ್ನನ್ನು ಒಂದು ಮಾತು ಕೇಳಿದರು: ಅಧ್ಯಾಪಕನಿಗೆ ಕೈಯೆತ್ತದಿರುವ ಸ್ವಾತಂತ್ರ್ಯವುಂಟು, ನರ್ಸಾಗಿರುವ ನನ್ನ ಮಗಳಿಗೆ? ಐರ್ಲೆಂಡಿನ 2018ರ ಕಾನೂನು ಮನಸ್ಸಾಕ್ಷಿ ಒಪ್ಪದ ವೈದ್ಯರು, ನರ್ಸುಗಳಿಗೆ ದೂರ ನಿಲ್ಲುವ ಅವಕಾಶ ಕೊಟ್ಟಿದೆ. ನಮ್ಮ 1971ರ ಕಾನೂನಿನಲ್ಲಿ ಅಂಥ ಮಾತಿಲ್ಲ. ವೈದ್ಯಕೀಯ ಕಾರಣವಿರುವಾಗ ಧರ್ಮದ ನೆಪವೊಂದರಿಂದಲೇ ಗರ್ಭಪಾತಕ್ಕೆ ನೆರವಾಗಲು ನಿರಾಕರಿಸಕೂಡದೆಂದು 2002ರ ವೈದ್ಯರ ನಡಾವಳಿಯ ನಿಯಮಗಳೇ ಹೇಳುತ್ತವೆ. ಸವಿತಾ ಅವರ ಕಥೆಯನ್ನು ನೆನೆದರೆ ಆ ನಿಯಮ ಸರಿಯೆನಿಸುತ್ತದೆ. ಮಿತ್ರರ ಮಗಳನ್ನು ನೆನೆದರೆ, ಜೀವಕ್ಕೆ ಅಪಾಯವಿಲ್ಲದ ಪ್ರಸಂಗಗಳಲ್ಲಿ ಬೇರೊಬ್ಬರನ್ನು ಕರೆಯುವಷ್ಟು ಅವಕಾಶವನ್ನು ಕೊಡಬೇಕೆನಿಸುತ್ತದೆ. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಬೇರೊಬ್ಬರು ಸಿಕ್ಕಾರು. ಒಬ್ಬಳೇ ನರ್ಸಿರುವ ಹಳ್ಳಿಯಲ್ಲಿ ಸಿಕ್ಕುವುದಿಲ್ಲ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹಳ್ಳಿಯ ಮಾತು ಬಂದುದರಿಂದ ಇನ್ನೊಬ್ಬರನ್ನು ನೆನೆಯಬೇಕು. ಬೇಲೂರು ಕಡೆಯ ಒಬ್ಬ ಆಶಾ ಕಾರ್ಯಕರ್ತೆ ನನ್ನ ಹಳೆಯ ವಿದ್ಯಾರ್ಥಿನಿ. ಕಾಫಿ ತೋಟದ ಲೈನುಗಳಲ್ಲಿ ಬಸುರಿಯರನ್ನು ಹುಡುಕಿ, ತಾಯಿ ಕಾರ್ಡು ಮಾಡಿಸಿ, ಕಬ್ಬಿಣದ ಮಾತ್ರೆ ನುಂಗಿಸಿ, ಅಪರಾತ್ರಿಯಲ್ಲಿ ಹೆರಿಗೆಗೆ ಕರೆದೊಯ್ಯುವವಳು. “ಮೂರನೆಯ ತಿಂಗಳಲ್ಲಿ ಪುಸ್ತಕದಲ್ಲಿ ಹೆಸರು ಬರೆದಿರುತ್ತೇನೆ, ಐದನೆಯ ತಿಂಗಳಲ್ಲಿ ಹೋದರೆ ಬಸಿರೇ ಇರುವುದಿಲ್ಲ. ಜಾರಿ ಬಿದ್ದೆ ಎನ್ನುತ್ತಾರೆ. ಎರಡು ಹೆಣ್ಣಿದ್ದ ಮನೆಯಲ್ಲಿಯೇ ಹೆಚ್ಚು ಜಾರಿ ಬೀಳುತ್ತಾರೆ, ಮೇಡಂ,” ಎಂದಳು. ವರದಿ ಮಾಡೆಂದೆ. ಮಾಡಿದರೆ ಆ ಊರಿನಲ್ಲಿ ನಾಳೆ ನನಗೆ ಯಾರು ಬಾಗಿಲು ತೆಗೆಯುತ್ತಾರೆ ಎಂದು ಕೇಳಿದಳು. ಎರಡು ಜೀವದ ಲೆಕ್ಕವನ್ನು ನಿಜವಾಗಿ ಪುಸ್ತಕದಲ್ಲಿ ಬರೆದಿಡುವವಳು ನಮ್ಮ ನಾಡಿನಲ್ಲಿ ಇವಳೊಬ್ಬಳೇ. ಅವಳಿಗೆ ನಾವು ಕೊಡುತ್ತಿದ್ದುದು ನೌಕರಿಯ ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟೆಂಬ ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಮ್ಮ ಸಂಘದ ಕರೆಗೆ ಓಗೊಟ್ಟು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಆ ಸಲ ನಮ್ಮ ನಿಲ್ದಾಣದಲ್ಲಿ ರೈಲು ಹತ್ತಿದ ಗುಲಾಬಿ ಸೀರೆಯವರ ಗುಂಪನ್ನು ನಾನು ನೋಡಿದೆ. ಚೀಲದಲ್ಲಿ ರೊಟ್ಟಿ, ಕೈಯಲ್ಲಿ ಸಂಘದ ಬಾವುಟ. ಜೀವಪರವೆಂದು ನಾನು ಹಿಂಜರಿಯದೆ ಕರೆಯಬಲ್ಲ ಮೆರವಣಿಗೆಯೊಂದು ನಮ್ಮ ಊರಿನಿಂದ ಹೊರಟದ್ದಿದ್ದರೆ ಅದು ಅದೇ. ಅವರಲ್ಲಿ ಗರ್ಭಪಾತವನ್ನು ಪಾಪವೆನ್ನುವವರೂ ಇದ್ದರು, ಅನ್ನದವರೂ ಇದ್ದರು.

ಮುಂದಿನ ಚುನಾವಣೆಯಲ್ಲಿ ನಾನು ಯಾರಿಗೆ ಮತ ಹಾಕುವೆನೆಂದು ಹೇಳುವುದು ಇಲ್ಲಿ ಅಪ್ರಸ್ತುತ. ಬಾಗಿಲಿಗೆ ಬಂದ ಅಭ್ಯರ್ಥಿಗೆ ಏನು ಕೇಳುವೆನೆಂಬುದನ್ನು ಹೇಳಬಲ್ಲೆ. ಗರ್ಭಪಾತದ ಪರವೋ ವಿರುದ್ಧವೋ ಎಂದು ಕೇಳುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೆರಿಗೆ ವೈದ್ಯರಿದ್ದಾರೆಯೇ, ಅತಿಥಿ ಉಪನ್ಯಾಸಕಿಗೆ ರಜೆಯುಂಟೆ, ಆಲೆಮನೆಯ ಮೊಕದ್ದಮೆ ಎಲ್ಲಿಗೆ ಬಂದಿತು, ಆಶಾ ಕಾರ್ಯಕರ್ತೆಗೆ ಹೇಳಿದ ಹಣ ಕೈಸೇರಿತೆ ಎಂದು ಕೇಳುತ್ತೇನೆ. ನನ್ನ ನಂಬಿಕೆಯನ್ನು ನಾನು ಸಣ್ಣದು ಮಾಡಿದೆನೆಂದು ಕ್ಯಾಥೊಲಿಕ್ ಮಿತ್ರರು ಆಕ್ಷೇಪಿಸುತ್ತಾರೆ. ಇರಬಹುದು.

ಬುತ್ತಿಯ ಗೆಳತಿ ಈಗ ಬೇರೆ ಕಾಲೇಜಿನಲ್ಲಿದ್ದಾಳೆ. ಅವಳ ಮುಂದೆ ಈ ಲೇಖನದ ಆ ಭಾಗವನ್ನು ಓದಿ, ಒಪ್ಪಿಗೆ ಪಡೆದೇ ಇಲ್ಲಿ ಬರೆದಿದ್ದೇನೆ. ಎರಡು ಕಡೆ ತಿದ್ದಿಸಿದಳು. ಹಳೇಬೀಡಿನ ಹುಡುಗಿ ತನ್ನ ಪ್ರಬಂಧಕ್ಕೆ ಸಂಕಲ್ಪಹಿಂಸೆಯನ್ನೇ ವಿಷಯವಾಗಿ ಆರಿಸಿಕೊಂಡಿದ್ದಾಳೆ. ಮೊದಲು ತನ್ನ ಅಜ್ಜಿಯನ್ನು ಕೇಳಿಬರುತ್ತೇನೆಂದು ಹೋದವಳು ಮೂರು ಪುಟ ಬರೆದುಕೊಂಡು ಬಂದಳು. ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ನಾಲ್ಕು. ಉಳಿದ ಐದರ ಹೆಸರುಗಳನ್ನೂ ಮುದುಕಿ ವರಸೆಯಾಗಿ ಹೇಳಿದಳಂತೆ. ಅವುಗಳಲ್ಲಿ ಎರಡು, ಹುಟ್ಟುವ ಮೊದಲೇ ಹೋದುವು.